ಸೋದರಮಾವನ ತಲೆ, ಡೊಂಬಿವಲಿಯ ಕಾಲು

ನಲವತ್ತು ತುಂಬುವ ಹೊತ್ತಿಗೆ ನನ್ನ ತಲೆಯ ಮೇಲೆ ಕಾಪುವಿನ ದೊಡ್ಡ ಮಾವ ಕಾಣಿಸಿಕೊಂಡರು. ಮೊದಲು ಹಣೆಯ ಎರಡು ಮೂಲೆ, ಆಮೇಲೆ ನೆತ್ತಿ. ಅಮ್ಮನಿಗೆ ಬೇಸರವಾಗುವ ಬದಲು ಹೆಮ್ಮೆಯೇ ಆಯಿತು. ಮದುವೆಮನೆಗಳಲ್ಲಿ ಸಿಕ್ಕವರಿಗೆಲ್ಲ "ತಮ್ಮಲೆಯದ್ದೇ ತಲೆ" ಎಂದು ತೋರಿಸಿದರು. ತುಳುವಿನಲ್ಲಿ ತಮ್ಮಲೆ ಎಂದರೆ ಸೋದರಮಾವ. ನಮ್ಮದು ಅಳಿಯಸಂತಾನದ ಮನೆತನ. ಆಸ್ತಿ ಮಾವನಿಂದ ಅಳಿಯನಿಗೆ ಬರಬೇಕು. ನನಗೆ ಬಂದದ್ದು ಇಷ್ಟೇ.

ವಿಜ್ಞಾನವೂ ಅಮ್ಮನ ಪಕ್ಷವನ್ನೇ ಹಿಡಿದಿದೆ. ತಲೆ ಬೋಳಾಗಲು ಹಲವು ಜೀನುಗಳು ಕೈಜೋಡಿಸುತ್ತವೆ; ಅವುಗಳಲ್ಲಿ ಜೋರಿನದೊಂದು ಎಕ್ಸ್ ಕ್ರೋಮೋಸೋಮಿನಲ್ಲಿದೆ. ಗಂಡುಮಗನಿಗೆ ಎಕ್ಸ್ ಸಿಗುವುದು ತಾಯಿಯಿಂದ ಮಾತ್ರ. ಅಂದಮೇಲೆ ಅಳಿಯಸಂತಾನವನ್ನು ತಂದನೆಂದು ಹೇಳುವ ಭೂತಾಳ ಪಾಂಡ್ಯನ ಕಟ್ಟು ನೆತ್ತಿಯ ಮಟ್ಟಿಗಾದರೂ ಇನ್ನೂ ಜಾರಿಯಲ್ಲಿದೆ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕುಟುಂಬದ ಆಸ್ತಿ ಪಾಲಾಗಲು ದಾರಿ ಬಿಟ್ಟಿತು. ತಲೆಗೆ ಅಂಥ ಕಾಯ್ದೆ ಬಂದಿಲ್ಲ.

ಕಾಲಿನ ಕಥೆ ಬೇರೆ. ಅಪ್ಪ ಫೋರ್ಟಿನ ಹೋಟೆಲಿನಲ್ಲಿದ್ದ ಕಾಲಕ್ಕೆ ಒಂದೇ ಕೋಣೆಯ ಚಾಳಿನಲ್ಲಿ ಇಬ್ಬರು ಮಕ್ಕಳು ಹಿಡಿಸಲಿಲ್ಲ. ಅಣ್ಣ ಕಾಪುವಿನಲ್ಲಿ ಅಜ್ಜಿಯ ಬಳಿ ಉಳಿದ, ನಾನು ಮುಂಬಯಿಯಲ್ಲಿ ಬೆಳೆದೆ. ನಾನು ನಡೆಯುವುದಿಲ್ಲ, ಲೋಕಲ್ ಗಾಡಿ ಹಿಡಿಯುತ್ತೇನೆ. ಮನೆಯೊಳಗೆ ಬಚ್ಚಲಿಗೆ ಹೋಗುವಾಗಲೂ. ಸೀಟಿಗಾಗಿ ಬೆಳಿಗ್ಗೆ ಡೊಂಬಿವಲಿಯಿಂದ ಕಲ್ಯಾಣಕ್ಕೆ ಉಲ್ಟಾ ಹೋಗಿ, ಅಲ್ಲಿಂದ ಮತ್ತೆ ಡೊಂಬಿವಲಿಯ ಮೇಲೇ ಹಾದು ಆಫೀಸಿಗೆ ಹೋಗುವವನು ನಾನು. ಅಣ್ಣನಾದರೋ ಬಸ್ಸು ತಪ್ಪಿದರೆ ಖುಷಿಪಡುವವನು. "ಅವಸರ ಎಂತ ಮಾರಾಯ, ಇನ್ನೊಂದು ಬರ್ತದೆ."

1979ರಲ್ಲಿ ಅಮೆರಿಕದಲ್ಲಿ ಇಬ್ಬರು ಜಿಮ್‌ಗಳು ಭೇಟಿಯಾದರು. ಕೂಸುಗಳಾಗಿದ್ದಾಗಲೇ ಬೇರೆ ಬೇರೆ ಮನೆಗೆ ದತ್ತು ಹೋದ ಅವಳಿಗಳು. ಇಬ್ಬರ ಮೊದಲ ಹೆಂಡತಿಯೂ ಲಿಂಡಾ, ಎರಡನೆಯವಳೂ ಬೆಟ್ಟಿ, ನಾಯಿಯ ಹೆಸರೂ ಒಂದೇ. ಮಿನೆಸೋಟಾದ ಪ್ರೊಫೆಸರ್ ಥಾಮಸ್ ಬುಶಾರ್ ಇಂಥ ಜೋಡಿಗಳನ್ನು ಹುಡುಕಿ ಹುಡುಕಿ ಪರೀಕ್ಷಿಸಿದರು. ಇದನ್ನು ನನ್ನ ಹೆಂಡತಿಗೆ ಹೇಳಿ ತಪ್ಪು ಮಾಡಿದೆ. "ಭಾವ ಎರಡನೆಯ ಮದುವೆಯ ಮಾತೇನಾದರೂ ಎತ್ತಿದ್ದಾರಾ?" ಎಂದಳು. ಲಿಂಡಾ ಎನ್ನುವುದಕ್ಕೆ ಜೀನಿಲ್ಲ, ಅವರ ಪ್ರಾಯದವರಲ್ಲಿ ಅಲ್ಲಿ ಲಿಂಡಾ ಎಂದರೆ ನಮ್ಮ ಸುಜಾತಾ ಇದ್ದ ಹಾಗೆ, ಗಲ್ಲಿಗೆ ನಾಲ್ವರು ಎಂದು ಸಮಾಧಾನ ಹೇಳಬೇಕಾಯಿತು.

ಹಾಗಾದರೆ ಹುಟ್ಟಿನದೆಷ್ಟು, ಬೆಳೆದ ಜಾಗದ್ದೆಷ್ಟು? ಎತ್ತರದಲ್ಲಿ ಶೇಕಡಾ 80ರಷ್ಟು ಅನುವಂಶೀಯತೆ ಎಂದು ಓದಿದ ದಿನ ನಾನು ಲೆಕ್ಕ ಹಾಕಿದ್ದೆ: ನನ್ನ ಐದಡಿ ಐದಿಂಚಿನಲ್ಲಿ ನಾಲ್ಕಡಿ ನಾಲ್ಕಿಂಚು ಅಪ್ಪ ಅಮ್ಮನದು, ಮಿಕ್ಕ ಒಂದಡಿ ಒಂದಿಂಚು ಡೊಂಬಿವಲಿಯ ನಲ್ಲಿನೀರಿನದು. ಲೆಕ್ಕ ಶುದ್ಧ ತಪ್ಪು. ಆ ಶೇಕಡಾ ನೂರಾರು ಜನರನ್ನು ಸಾಲಾಗಿ ನಿಲ್ಲಿಸಿದಾಗ ಅವರವರ ನಡುವೆ ಕಾಣುವ ಹೆಚ್ಚುಕಡಿಮೆಯದು, ಒಬ್ಬನನ್ನು ಸೀಳಿ ಪಾಲು ಮಾಡುವಂಥದ್ದಲ್ಲ. ಇಡ್ಲಿ ಉಬ್ಬಿದ್ದರಲ್ಲಿ ಉದ್ದಿನ ಪಾಲೆಷ್ಟು, ಸೆಕೆಯ ಪಾಲೆಷ್ಟು ಎಂದು ಅಪ್ಪನನ್ನು ಕೇಳಿದ್ದರೆ ಸೌಟು ಎತ್ತಿಕೊಳ್ಳುತ್ತಿದ್ದರು.

ನಮ್ಮ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1962ರಲ್ಲಿ ಅಣುಜೀವಶಾಸ್ತ್ರದ ವಿಭಾಗ ಕಟ್ಟಿದವರು ಒಬೈದ್ ಸಿದ್ದಿಕಿ. ಮುಂದೆ ಅವರು ಅಮೆರಿಕದ ವಿಜ್ಞಾನಿ ಸೀಮರ್ ಬೆಂಜರ್ ಜೊತೆಗೂಡಿ ವಿಚಿತ್ರ ಹಣ್ಣುನೊಣಗಳ ನರಗಳನ್ನು ಪರೀಕ್ಷಿಸಿದರು. ಒಂದು ಜೀನು ಬದಲಾದ ನೊಣಗಳವು. ತಂಪಿನಲ್ಲಿ ಎಲ್ಲ ನೊಣಗಳ ಹಾಗೇ. ಶಾಖ ಏರಿತೋ, ಧೊಪ್ಪನೆ ಬಿದ್ದವು. ತಣ್ಣಗಾದರೆ ಮತ್ತೆ ಎದ್ದವು. ಬೀಳಿಸಿದ್ದು ಜೀನೇ, ಸೆಕೆಯೇ?

ನನಗೆ ದಾದರ್ ಸೇತುವೆಯ ಮೆಟ್ಟಿಲ ಮೇಲೆ ಕುಕ್ಕರಿಸಿದ ಅಣ್ಣ ನೆನಪಾದ. ಕೆಲವು ವರ್ಷಗಳ ಹಿಂದೆ ಮೇ ತಿಂಗಳಲ್ಲಿ ಬಂದಿದ್ದ. ಕಾಪುವಿನಲ್ಲೇನು ಸೆಕೆ ಕಡಿಮೆಯೇ? ಅವನಿಗೆ ತಾಗಿದ್ದು ಜನರ ಸೆಕೆ. "ನೀವು ಮನುಷ್ಯರಾ?" ಎಂದು ಕೇಳಿದ. ಇನ್ನು ನಾಳೆಯೇ ಊರಿನ ಬಸ್ಸು ಹತ್ತುತ್ತಾನೆ ಎಂದುಕೊಂಡೆ.

ಎಂಟನೆಯ ದಿನ. ಡೊಂಬಿವಲಿಯಲ್ಲಿ ಫಾಸ್ಟ್ ಗಾಡಿ ಇನ್ನೂ ನಿಂತಿರಲಿಲ್ಲ, ಪಕ್ಕದಲ್ಲಿದ್ದ ಅಣ್ಣ ಮಾಯ. ನಾನು ನೂಕಿಸಿಕೊಂಡು ಒಳಗೆ ಬಿದ್ದು ನೋಡುತ್ತೇನೆ, ಮೂವರ ಬೆಂಚಿನ ತುದಿಯಲ್ಲಿ ನಾಲ್ಕನೆಯವನಾಗಿ ಅರ್ಧ ಕುಂಡೆ ಊರಿ ಕುಳಿತಿದ್ದಾನೆ. ಎದುರಿನ ಬೆಂಚಿನವರಿಗೆ "ಥೋಡಾ ಸರಕೋ" ಎಂದು ನನಗೂ ಜಾಗ ಮಾಡಿಸುತ್ತಿದ್ದಾನೆ. "ನಿನ್ನದು ಭಾರೀ ನಿಧಾನ ಮಾರಾಯ," ಎಂದ.

ಆಗ ಫಾಸ್ಟ್ ಗಾಡಿಗಳು ಪಾರ್ಸಿಕ್ ಸುರಂಗದೊಳಗಿಂದ ಹೋಗುತ್ತಿದ್ದವು. ಕತ್ತಲೆ ಕಳೆದು ಬಿಸಿಲು ಫಳಕ್ಕನೆ ಒಳಗೆ ಬಿತ್ತು. ಅವನು ಎರಡು ಸಲ ಸೀನಿದ. ಅದೇ ಕ್ಷಣ ನಾನೂ ಎರಡು ಸಲ ಸೀನಿದೆ. ದೊಡ್ಡ ಮಾವನೂ ಅಂಗಳಕ್ಕೆ ಇಳಿದೊಡನೆ ಹೀಗೇ ಸೀನುತ್ತಿದ್ದರು. ಕಿಟಕಿಯ ಪಕ್ಕದಲ್ಲಿ ತೂಕಡಿಸುತ್ತಿದ್ದ ಮುದುಕರು ಕಣ್ಣು ಬಿಟ್ಟು, ಹೊಳೆಯುವ ಎರಡು ತಲೆಗಳನ್ನು ಆ ಬೆಂಚಿನಿಂದ ಈ ಬೆಂಚಿಗೆ ನೋಡಿ ಕೇಳಿದರು: "ಸಗೇ ಭಾಈ ಹೋ ಕ್ಯಾ?"