ಅಡ್ಮಿನ್ ಅಳಿಯ

ಜಿಲ್ಲಾ ಕೇಂದ್ರದ ಪೇಟೆ ಬೀದಿಯಲ್ಲಿ ಒಂದು ಸುತ್ತು ಹಾಕಿದರೆ ಜವಳಿ ಅಂಗಡಿ, ಬೇಕರಿ, ಚಿನ್ನಬೆಳ್ಳಿ ಅಂಗಡಿ, ಕಲ್ಯಾಣ ಮಂಟಪ, ಹೀಗೆ ಬೋರ್ಡಿನ ಮೂಲೆಯಲ್ಲಿ ಫೇಸ್‌ಬುಕ್ಕಿನ ನೀಲಿ ಗುರುತು ಬರೆಸಿಕೊಂಡವು ಸಾಲಾಗಿ ಸಿಗುತ್ತವೆ. ಆ ಗುರುತಿನ ಹಿಂದೆ ಬಹುಪಾಲು ಕಡೆ ಒಬ್ಬ ಅಳಿಯ ಇರುತ್ತಾನೆ. ಮಾಲೀಕರ ಅಕ್ಕನ ಮಗ. ಡಿಪ್ಲೊಮಾ ಓದುವ ಕಾಲಕ್ಕೆ ದೀಪಾವಳಿ ರಜೆಗೆ ಬಂದವನು ಗಲ್ಲಾದ ಪಕ್ಕದ ಸ್ಟೂಲಿನ ಮೇಲೆ ಕೂತು, "ಮಾವ, ಈಗೆಲ್ಲ ವ್ಯಾಪಾರ ಫೇಸ್‌ಬುಕ್ಕಲ್ಲೇ. ಐದು ನಿಮಿಷದ ಕೆಲಸ, ಮಾಡ್ಬಿಡ್ತೀನಿ" ಅಂದ, ಮಾಡಿಯೂ ಬಿಟ್ಟ. ಈಗ ಅವನಿಗೆ ಬೆಂಗಳೂರಿನಲ್ಲಿ ಕೆಲಸ, ಹೆಂಡತಿ, ಮಗು, ಫ್ಲ್ಯಾಟಿನ ಕಂತು. ಊರ ಕಡೆ ಬರುವುದು ಯುಗಾದಿಗೋ ಯಾರದಾದರೂ ಗೃಹಪ್ರವೇಶಕ್ಕೋ. ಪೇಜ್ ಮಾತ್ರ ಅವನ ಫೋನಿನಲ್ಲೇ ಉಳಿದಿದೆ. ಬಂದಾಗಲೆಲ್ಲ ಮಾವ ದನಿ ತಗ್ಗಿಸಿ, "ಅದೇನೋ ಪಾಸ್‌ವರ್ಡು ಗೀಸ್‌ವರ್ಡು ಅಂತಾರಲ್ಲ, ಒಂದು ಚೀಟೀಲಿ ಬರೆದಿಟ್ಟು ಹೋಗಪ್ಪ" ಎಂದು ಕೇಳುತ್ತಾರೆ. ಅಳಿಯ ಚಿರೋಟಿ ಮುರಿಯುತ್ತ, "ಅದಕ್ಕೆ ಪಾಸ್‌ವರ್ಡ್ ಇರಲ್ಲ ಮಾವ, ಅದು ಬೇರೆ ಥರ. ನೀವು ತಲೆ ಕೆಡಿಸ್ಕೋಬೇಡಿ, ನಾನ್ ನೋಡ್ಕೋತೀನಿ" ಎನ್ನುತ್ತಾನೆ. ನಾನ್ ನೋಡ್ಕೋತೀನಿ ಎಂದವನು ಪೇಜನ್ನು ಕೊನೆಯ ಸಲ ನೋಡಿದ್ದು ಹೋದ ವರ್ಷದ ವರಮಹಾಲಕ್ಷ್ಮಿ ಆಫರಿನ ಹೊತ್ತಿಗೆ.

ತಮಾಷೆಯೆಂದರೆ, ಪಾಸ್‌ವರ್ಡಿನ ವಿಷಯದಲ್ಲಿ ಅವನು ಸುಳ್ಳು ಹೇಳುತ್ತಿಲ್ಲ. ಫೇಸ್‌ಬುಕ್ 2007ರಲ್ಲಿ ವ್ಯಾಪಾರಿಗಳಿಗೆಂದು ಪೇಜ್ ಕೊಡಲು ಶುರುಮಾಡಿತು. ಪೇಜಿನೊಳಕ್ಕೆ ಹೋಗಬೇಕಾದರೆ ಯಾರಾದರೂ ಒಬ್ಬ ಮನುಷ್ಯನ ಸ್ವಂತ ಖಾತೆಯ ಮೂಲಕವೇ ಹೋಗಬೇಕು. ಹಿಂದೆ ಇದರಲ್ಲಿ ಅಡ್ಮಿನ್, ಎಡಿಟರ್, ಮಾಡರೇಟರ್, ಅಡ್ವರ್ಟೈಸರ್, ಅನಲಿಸ್ಟ್ ಎಂದು ಐದು ದರ್ಜೆಗಳಿದ್ದವು. ಈಗಿನ ಪೇಜ್‌ಗಳಲ್ಲಿ ಕೆಲವರಿಗೆ ಫುಲ್ ಕಂಟ್ರೋಲ್, ಉಳಿದವರಿಗೆ ಪಾರ್ಶಿಯಲ್. ಫುಲ್ ಕಂಟ್ರೋಲ್ ಇದ್ದವರು ಯಾರನ್ನು ಬೇಕಾದರೂ ಸೇರಿಸಬಹುದು, ಯಾರನ್ನು ಬೇಕಾದರೂ ತೆಗೆಯಬಹುದು, ಪೇಜನ್ನೇ ಅಳಿಸಿ ಹಾಕಬಹುದು. ಸೆಟ್ಟಿಂಗ್ಸ್‌ಗೆ ಹೋಗಿ ಈ ಹೆಸರುಗಳ ಪಟ್ಟಿ ತೆರೆದರೆ ಅಂಗಡಿಯ ಹತ್ತು ವರ್ಷದ ಚರಿತ್ರೆ ಅಲ್ಲೇ ಸಿಗುತ್ತದೆ. ಮೊದಲಿಗೆ ಅಳಿಯ, ಕಾಲೇಜು ದಿನಗಳ ಫೋಟೊದಲ್ಲಿ, ಸ್ನೇಹಿತನ ಪಲ್ಸರ್ ಮೇಲೆ, ರಾತ್ರಿ ಹೊತ್ತಿನಲ್ಲೂ ಕೂಲಿಂಗ್ ಗ್ಲಾಸ್ ಹಾಕಿಕೊಂಡು. ಅವನ ಕೆಳಗೆ ಮೂರು ತಿಂಗಳ ದುಡ್ಡು ತೆಗೆದುಕೊಂಡು ನಾಲ್ಕನೆಯ ತಿಂಗಳು ಫೋನೆತ್ತದ ಡಿಜಿಟಲ್ ಮಾರ್ಕೆಟಿಂಗ್ ಹುಡುಗ. ಆಮೇಲೆ ಫ್ಲೆಕ್ಸ್ ಡಿಸೈನ್ ಮಾಡುವವನು. ಆಮೇಲೆ, ಕೆಲಸ ಬಿಟ್ಟು ಈಗ ಎದುರಿನ ಅಂಗಡಿಯಲ್ಲೇ ಸೀರೆ ಬಿಡಿಸಿ ತೋರಿಸುವ ಸೇಲ್ಸ್ ಹುಡುಗಿ. ಅವಳ ಕೆಳಗೆ, ತೀರಿಕೊಂಡು ಮೂರನೆಯ ವರ್ಷದ ತಿಥಿಯೂ ಆಗಿರುವ ಭಾವಮೈದ. ಅವರಿಗೂ ಫುಲ್ ಕಂಟ್ರೋಲ್. ಎಲ್ಲರ ಕೊನೆಗೆ ಮಾಲೀಕರು. ಟ್ರೇಡ್ ಲೈಸೆನ್ಸು, ಜಿಎಸ್‌ಟಿ, ಬ್ಯಾಂಕಿನ ಓವರ್‌ಡ್ರಾಫ್ಟು ಎಲ್ಲ ಇರುವುದು ಅವರೊಬ್ಬರ ಹೆಸರಿನಲ್ಲಿ. ಪೇಜಿನಲ್ಲಿ ಅವರಿಗಿರುವುದು ಪಾರ್ಶಿಯಲ್.

ಇಂಥ ಪೇಜಿಗೆ ಏನಾದರೂ ಆದ ದಿನ ಎಲ್ಲರೂ ಬೈಯುವುದು ಅಳಿಯನನ್ನು. ಬೇಜವಾಬ್ದಾರಿ, ಸೊಕ್ಕು, ಮಾವನ ಅಂಗಡಿ ತನ್ನದೇ ಅಂದುಕೊಂಡಿದ್ದಾನೆ, ಹೆಂಡತಿ ಬಂದ ಮೇಲೆ ಹೀಗಾದ. ನನಗೆ ಈ ತೀರ್ಪು ಒಪ್ಪಿಗೆಯಿಲ್ಲ. ಅಳಿಯ ಈ ಹತ್ತು ವರ್ಷದಲ್ಲಿ ಮಾಡಿದ್ದನ್ನು ಲೆಕ್ಕಕ್ಕೆ ಹಿಡಿಯಿರಿ. ದಸರಾ ಪೋಸ್ಟರು, ದೀಪಾವಳಿ ಪೋಸ್ಟರು, ಮಕ್ಕಳ ಬಟ್ಟೆಗೆ ಶೇಕಡಾ ಇಪ್ಪತ್ತು ರಿಯಾಯಿತಿ ಎಂಬ ಪೋಸ್ಟರು, ಅದರಲ್ಲಿ ರಿಯಾಯಿತಿ ಎಂಬುದು ರಿಯಾಯತಿ ಆಗಿದೆ ಎಂದು ಮಾವ ಫೋನು ಮಾಡಿದ ಮೇಲೆ ರಾತ್ರಿ ಹನ್ನೊಂದಕ್ಕೆ ತಿದ್ದಿದ ಪೋಸ್ಟರು. "ಈ ಮೈಸೂರು ಸಿಲ್ಕ್ ಎಷ್ಟು ಸರ್" ಎಂದು ಕೇಳಿದ ಪ್ರತಿಯೊಬ್ಬರಿಗೂ ಆಫೀಸಿನ ಮೀಟಿಂಗಿನಲ್ಲಿ ಕೂತು ಟೈಪ್ ಮಾಡಿದ ಉತ್ತರ. ಇದಕ್ಕೆಲ್ಲ ಮಾವ ಕೊಟ್ಟದ್ದು ಎಷ್ಟು? ಹಬ್ಬಕ್ಕೊಂದು ಶರ್ಟ್ ಪೀಸು, ಅದೂ ಸ್ಟಾಕಿನಲ್ಲಿ ಉಳಿದದ್ದು. ಮತ್ತೆ, ನಾಲ್ಕು ಜನ ಸೇರಿದ ಕಡೆಯೆಲ್ಲ "ನಮ್ಮ ಇಂಟರ್‌ನೆಟ್ ವ್ಯವಹಾರವೆಲ್ಲ ಇವನೇ" ಎಂಬ ಪರಿಚಯ. ಆ ಪರಿಚಯವೇ ಅವನ ಸಂಬಳ. ಸಂಬಳ ಕೊಡದೆ ಅಧಿಕಾರ ಕೊಟ್ಟರೆ, ಪಡೆದವನ ಲೆಕ್ಕದಲ್ಲಿ ಆ ಅಧಿಕಾರವೇ ದುಡಿಮೆ. ಅದನ್ನು ವಾಪಸು ಕೊಡು ಎಂದರೆ ಹತ್ತು ವರ್ಷದ ಕೂಲಿ ವಾಪಸು ಕೇಳಿದ ಹಾಗೆ ಅವನಿಗೆ ಕೇಳಿಸುತ್ತದೆ. ಪೇಜ್ ಅಳಿಯನ ಜೇಬಿನಲ್ಲಿ ಸಿಕ್ಕಿಹಾಕಿಕೊಂಡಿರುವುದು ಮಾವನ ದುಡ್ಡು ಆ ಜೇಬಿಗೆ ಬೀಳದೇ ಇದ್ದದ್ದರಿಂದ.

ಇದು ನಮ್ಮ ಪೇಟೆಗಳ ಹಳ್ಳಿತನ ಎಂದುಕೊಳ್ಳುವವರು ಲಂಡನ್ನಿನ ಎಚ್‌ಎಂವಿ ಕಥೆ ಕೇಳಬೇಕು. ನಾಯಿಯೊಂದು ಗ್ರಾಮಫೋನಿಗೆ ಕಿವಿಗೊಟ್ಟು ಕೂತ ಚಿತ್ರವನ್ನು ನಮ್ಮ ಅಜ್ಜಂದಿರೂ ಬಲ್ಲರಲ್ಲ, ಆ ಹೆಸರಿನ ಅಂಗಡಿಗಳ ಕಂಪನಿ. 2013ರ ಜನವರಿ 31ರಂದು, ದಿವಾಳಿಯ ಅಂಚಿನಲ್ಲಿ, ಹೆಡ್ಡಾಫೀಸಿನಲ್ಲಿ ಜನರನ್ನು ಕೂರಿಸಿ ಕೆಲಸದಿಂದ ತೆಗೆಯುತ್ತಿದ್ದರು. ತೆಗೆಯಲ್ಪಡುತ್ತಿದ್ದವರಲ್ಲೇ ಒಬ್ಬರ ಕೈಯಲ್ಲಿ ಕಂಪನಿಯ ಟ್ವಿಟರ್ ಖಾತೆ ಇತ್ತು. ಒಳಗೆ ನಡೆಯುತ್ತಿದ್ದದ್ದೆಲ್ಲ ಆ ಅಧಿಕೃತ ಖಾತೆಯಿಂದಲೇ, ನಡೆಯುತ್ತಿರುವ ಹೊತ್ತಿಗೇ, ಊರಿಗೆಲ್ಲ ಬಿತ್ತರವಾಯಿತು. ಟ್ವಿಟರ್ ಅನ್ನು ಬಂದ್ ಮಾಡುವುದು ಹೇಗೆ ಎಂದು ಮಾರ್ಕೆಟಿಂಗ್ ಡೈರೆಕ್ಟರು ಕೇಳುತ್ತಿರುವ ಸುದ್ದಿಯೂ ಅದರಲ್ಲೇ ಬಂತು. ಜಗತ್ತೆಲ್ಲ ನಕ್ಕದ್ದು ಈ ಡೈರೆಕ್ಟರನ್ನು ನೋಡಿ. ನಾನು ಹಿಡಿದುಕೊಳ್ಳುವುದು ಅದೇ ಸಾಲಿನಲ್ಲಿ ಬಂದ, ಅಷ್ಟಾಗಿ ಯಾರೂ ನಗದ ಇನ್ನೊಂದು ಮಾತನ್ನು: ಈ ಖಾತೆಗಳನ್ನು ಎರಡು ವರ್ಷದ ಹಿಂದೆ ತೆರೆದದ್ದು ಸಂಬಳವಿಲ್ಲದ ಒಬ್ಬ ಇಂಟರ್ನ್ ಎಂದು ಆ ಖಾತೆಯೇ ಹೇಳಿಕೊಂಡಿತು. ಲಂಡನ್ನಿನಲ್ಲಿ ಅಕ್ಕನ ಮಗ ಸಿಗದಿದ್ದರೆ ಇಂಟರ್ನ್ ಸಿಗುತ್ತಾನೆ, ಅಷ್ಟೇ ವ್ಯತ್ಯಾಸ.

ನಮ್ಮ ಕಡೆಯ ಹಳೆಯ ಲೆಕ್ಕವೂ ಇದನ್ನೇ ಹೇಳುತ್ತದೆ. ಶಾನುಭೋಗರ ಕೈಗೆ ಊರಿನ ಲೆಕ್ಕಪತ್ರ ಕೊಟ್ಟಾಗ ಆ ಕಾಲದ ಸರ್ಕಾರ ಸರಿಯಾದ ಸಂಬಳ ಕೊಡಲಿಲ್ಲ. ಇನಾಮು ಭೂಮಿ, ಒಂದಿಷ್ಟು ಮಾಮೂಲು, ಬೇಕಾದಷ್ಟು ಗೌರವ. ಕಡತ ಮನೆಯ ಪೆಟ್ಟಿಗೆಯಲ್ಲೇ ಉಳಿಯಿತು, ಹುದ್ದೆ ಅಪ್ಪನಿಂದ ಮಗನಿಗೆ ಇಳಿಯಿತು, ತನ್ನ ಹೊಲದ ಪಹಣಿ ಎಲ್ಲಿದೆ ಎಂದು ಕೇಳಲು ರೈತ ಬಾಗಿಲಲ್ಲಿ ಟವೆಲು ಇಳಿಸಿ ನಿಂತ. ಸರ್ಕಾರ ಇದನ್ನು ಶಾನುಭೋಗರಿಗೆ ಬುದ್ಧಿವಾದ ಹೇಳಿ ಸರಿಮಾಡಲಿಲ್ಲ. 1961ರಲ್ಲಿ ಕಾಯ್ದೆ ಮಾಡಿ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನೇ ರದ್ದು ಮಾಡಿತು, ಸಂಬಳದ ಗ್ರಾಮ ಲೆಕ್ಕಿಗರನ್ನು ತಂದಿತು. ಸಂಬಳದವನನ್ನು ವರ್ಗ ಮಾಡಬಹುದು. ವರ್ಗವಾದಾಗ ಕಡತ ಕೊಟ್ಟು ರಸೀದಿ ತೆಗೆದುಕೊಂಡೇ ಹೋಗುತ್ತಾನೆ. ಅದರಿಂದ ಲಂಚ ನಿಂತಿತೇ ಎಂದು ಕೇಳಬೇಡಿ, ಅದು ಬೇರೆ ಪ್ರಬಂಧದ ವಿಷಯ.

ಇಷ್ಟು ಸಣ್ಣ ಅಂಗಡಿಗೆ ಇಷ್ಟೆಲ್ಲ ಯಾಕೆ, ಒಂದು ಪೇಜಿನಲ್ಲಿ ಕದಿಯುವುದಕ್ಕೆ ಏನಿದೆ ಎನ್ನುವವರಿದ್ದಾರೆ. ಇದೆ. ಜಾಹೀರಾತು ಕೊಡಲು ಸೇರಿಸಿದ ಕ್ರೆಡಿಟ್ ಕಾರ್ಡ್ ಇದೆ. "ನಿಮ್ಮ ಪೇಜ್ ಕಾಪಿರೈಟ್ ಉಲ್ಲಂಘಿಸಿದೆ, 24 ಗಂಟೆಯೊಳಗೆ ಇಲ್ಲಿ ಒತ್ತಿ" ಎಂದು ಫೇಸ್‌ಬುಕ್ಕಿನ ಹೆಸರಿನಲ್ಲೇ ಬರುವ ಕಳ್ಳ ಮೆಸೇಜನ್ನು ಐದು ಜನರಲ್ಲಿ ಒಬ್ಬ ಅಡ್ಮಿನ್ ನಿದ್ದೆಗಣ್ಣಿನಲ್ಲಿ ಒತ್ತಿದರೆ ಸಾಕು. ಬೆಳಗಾಗುವಷ್ಟರಲ್ಲಿ ರೇಷ್ಮೆ ಸೀರೆಯ ಪೇಜಿನಲ್ಲಿ ಕ್ರಿಪ್ಟೊ ಮಾರಾಟ ಶುರು, ದುಡ್ಡು ಮಾಲೀಕರ ಕಾರ್ಡಿನಿಂದ. ಹಾಗೆ ನುಗ್ಗಿದವನ ಮೇಲೆ ಐಟಿ ಕಾಯ್ದೆಯ 66ನೇ ಸೆಕ್ಷನ್‌ನಲ್ಲಿ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಇದೆ ನಿಜ. ಆದರೆ ಸ್ಟೇಷನ್ನಿನಲ್ಲಿ ಮೊದಲ ಪ್ರಶ್ನೆಯೇ ಪೇಜ್ ಯಾರ ಹೆಸರಿನಲ್ಲಿದೆ ಎಂಬುದು, ಮತ್ತು ಅದು ಪಲ್ಸರ್ ಮೇಲೆ ಕೂತವನ ಹೆಸರಿನಲ್ಲಿದೆ. ಇನ್‌ಸ್ಟಾಗ್ರಾಂ ಕಥೆ ಇನ್ನೂ ಚೆಂದ. ಅಲ್ಲಿ ನಮ್ಮ ಅಂಗಡಿಗಳು ಒಂದೇ ಪಾಸ್‌ವರ್ಡನ್ನು ಎಲ್ಲರೂ ಹಂಚಿಕೊಂಡು ತಿನ್ನುತ್ತವೆ. ಹೊಸ ಫೋನಿನಲ್ಲಿ ಲಾಗಿನ್ ಆಗಲು ಹೋದರೆ ಒಟಿಪಿ ಹೋಗುವುದು ಎದುರಂಗಡಿಯ ಹುಡುಗಿಯ ನಂಬರಿಗೆ. ಇತ್ತಲಿಂದ ಒಬ್ಬ ರಸ್ತೆ ದಾಟಿ ಹೋಗಿ, ಗಿರಾಕಿಗೆ ಸೀರೆ ಹೊದಿಸುತ್ತಿರುವವಳ ಹಿಂದೆ ನಿಂತು, "ಅಕ್ಕ, ಒಂದು ಆರು ಅಂಕಿ ಬಂದಿರ್ಬೇಕು ನೋಡಿ, ಬೇಗ, ಟೈಮ್ ಆಗ್ಬಿಡತ್ತೆ" ಎಂದು ಬೇಡಬೇಕು. ಅವಳೂ ಒಳ್ಳೆಯವಳೇ, ಹೇಳುತ್ತಾಳೆ. ಅವಳ ಈಗಿನ ಯಜಮಾನರು ಗಲ್ಲಾದಿಂದ ಕತ್ತೆತ್ತಿ ನೋಡುತ್ತಿರುತ್ತಾರೆ.

ಇನ್ನೊಂದು ಆಕ್ಷೇಪ ಸ್ವಲ್ಪ ಗಟ್ಟಿಯಾದದ್ದು. ಮನೆಯ ಹುಡುಗನಿಗೆ ಸಂಬಳ ಕೊಡುವುದೇ? ಅಕ್ಕ ಏನಂದುಕೊಂಡಾಳು? ಸಂಬಂಧದ ನಡುವೆ ರಸೀದಿ ಬಂದರೆ ಸಂಬಂಧ ಉಳಿಯುತ್ತದೆಯೇ? ಈ ಮಾತಿನಲ್ಲಿ ಕಪಟವಿಲ್ಲ, ಆದರೆ ನೆನಪಿನ ಶಕ್ತಿ ಸ್ವಲ್ಪ ಕಡಿಮೆ. ಇದೇ ಮಾವ ತಮ್ಮನಿಗೆ ಕೈಗಡ ಕೊಟ್ಟಾಗ ಪ್ರೋನೋಟು ಬರೆಸಿಕೊಂಡಿದ್ದಾರೆ. ಸ್ವಂತ ಮಗ ಗಲ್ಲಾದಲ್ಲಿ ಕೂತ ದಿನವೂ ರಾತ್ರಿ ನೋಟು ಎರಡು ಸಲ ಎಣಿಸುತ್ತಾರೆ, ಮಗನಿಗೆ ಅದು ಅವಮಾನ ಅನ್ನಿಸಿಲ್ಲ. ಇನ್ನು, ಮನಸ್ಸು ನೋಯದ ಹಾಗೆ ದುಡ್ಡು ಕೊಡುವ ವಿದ್ಯೆಯನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪುರೋಹಿತರಿಗೆ ಎಲೆ ಅಡಿಕೆಯ ಮೇಲಿಟ್ಟು ಕೊಡುತ್ತೇವೆ, ಮದುಮಕ್ಕಳಿಗೆ ಮುಯ್ಯಿ ಎಂದು ಕೊಡುತ್ತೇವೆ, ಮಗುವಿನ ಕೈಗೆ "ಬಿಸ್ಕತ್ತಿಗೆ" ಎಂದು ಐನೂರರ ನೋಟು ತುರುಕುತ್ತೇವೆ. ಅಳಿಯನಿಗೆ ತಿಂಗಳಿಗೆ ಇಷ್ಟು ಎಂದು ಹಾಕಿ, ಅದಕ್ಕೆ "ಪೆಟ್ರೋಲಿಗೆ" ಎಂದು ಹೆಸರಿಟ್ಟರೆ ಅಕ್ಕ ಯಾಕೆ ಬೇಡವೆನ್ನುತ್ತಾಳೆ? ಆಮೇಲೆ, "ಏನಪ್ಪ, ನನ್ನ ಹೆಸರೂ ಫುಲ್ ಕಂಟ್ರೋಲಿಗೆ ಹಾಕು" ಅನ್ನುವುದಕ್ಕೆ ದನಿ ತಗ್ಗಿಸಬೇಕಾಗಿಯೇ ಇಲ್ಲ. ಫುಲ್ ಕಂಟ್ರೋಲು ಕನಿಷ್ಠ ಇಬ್ಬರ ಬಳಿ ಇರಲಿ ಎಂದು ಬಿಸಿನೆಸ್ ಖಾತೆಗಳಿಗೆ ಫೇಸ್‌ಬುಕ್ಕಿನ ಒಡೆಯ ಮೆಟಾ ಕಂಪನಿಯೇ ಸಲಹೆ ಕೊಡುತ್ತದೆ.

ಹಾಗಾದರೆ ದುಡ್ಡು ಕೊಟ್ಟು ಏಜೆನ್ಸಿ ಇಟ್ಟವರು ಕ್ಷೇಮವೇ? ಅದೂ ಅಲ್ಲ. ಎಷ್ಟೋ ಏಜೆನ್ಸಿಗಳು ಪೇಜನ್ನು ತಮ್ಮದೇ ಬಿಸಿನೆಸ್ ಖಾತೆಯೊಳಗೆ ಹುಟ್ಟಿಸುತ್ತವೆ. ಕರಾರು ಮುಗಿದ ದಿನ ಅಂಗಡಿಯವರು ತಮ್ಮ ಪೇಜಿಗೇ ಗಿರಾಕಿ. ಸಂಬಳ ಕೊಟ್ಟದ್ದಷ್ಟೇ ಸಾಲದು, ಯಾವುದು ಯಾರದು ಎಂದು ಮೊದಲೇ ಬರೆದಿಡಬೇಕು. ಅಮೆರಿಕದ ಫೋನ್‌ಡಾಗ್ ಎಂಬ ಕಂಪನಿಯಲ್ಲಿದ್ದವನೊಬ್ಬ 2010ರಲ್ಲಿ ಕೆಲಸ ಬಿಡುವಾಗ ಸುಮಾರು 17,000 ಹಿಂಬಾಲಕರಿದ್ದ ಟ್ವಿಟರ್ ಖಾತೆಯ ಹೆಸರು ಬದಲಿಸಿಕೊಂಡು ಹೊರಟ. ಕಂಪನಿ ಕೋರ್ಟಿಗೆ ಹೋಗಿ ಹಿಂಬಾಲಕನೊಬ್ಬನಿಗೆ ತಿಂಗಳಿಗೆ ಎರಡೂವರೆ ಡಾಲರಿನಂತೆ ಎಂಟು ತಿಂಗಳಿಗೆ 3,40,000 ಡಾಲರ್ ಕೇಳಿತು. 2012ರ ಕೊನೆಗೆ ರಾಜಿಯಾಯಿತು, ಖಾತೆ ಅವನಲ್ಲೇ ಉಳಿಯಿತು. ಖಾತೆ ಯಾರದೆಂದು ಹೇಳುವ ಒಂದು ಕಾಗದ ಆರಂಭದಲ್ಲೇ ಇದ್ದಿದ್ದರೆ ವಕೀಲರಿಗೆ ಅಷ್ಟು ಕೆಲಸವಿರುತ್ತಿರಲಿಲ್ಲ. ಇನ್ನು ಸಂಬಳ, ಕಾಗದ, ವ್ಯವಸ್ಥೆ ಎಲ್ಲ ಇದ್ದರೂ ಕೊನೆಯ ದಿನದ ಹುಮ್ಮಸ್ಸಿಗೆ ಮದ್ದಿಲ್ಲ: 2017ರ ನವೆಂಬರ್ 2ರಂದು ಟ್ವಿಟರಿನಲ್ಲೇ ಕೆಲಸ ಮಾಡುತ್ತಿದ್ದವರೊಬ್ಬರು ಮನೆಗೆ ಹೋಗುವ ಮುನ್ನ ಅಮೆರಿಕದ ಅಧ್ಯಕ್ಷರ ಖಾತೆಯನ್ನು ಬಂದ್ ಮಾಡಿ ಹೋದರು. ಹನ್ನೊಂದು ನಿಮಿಷ ಡೊನಾಲ್ಡ್ ಟ್ರಂಪ್ ಟ್ವಿಟರಿನಲ್ಲಿ ಇರಲಿಲ್ಲ.

ಉಳಿದದ್ದು ಮಾಲೀಕರದೇ ಆಕ್ಷೇಪ: ನಮಗೆ ಇದೆಲ್ಲ ಎಲ್ಲಿ ತಿಳಿಯುತ್ತದೆ, ನಾವು ಹಳೇ ಕಾಲದವರು. ಈ ಹಳೇ ಕಾಲದವರು ಇ-ವೇ ಬಿಲ್ಲಿನಲ್ಲಿ ಲಾರಿ ನಂಬರು ತಪ್ಪಾದರೆ ಕನ್ನಡಕ ಹಾಕದೆಯೇ ಹಿಡಿಯುತ್ತಾರೆ. ಯುಪಿಐ ಡಬ್ಬಿ ಕೂಗದಿದ್ದರೆ ಗಿರಾಕಿ ಮೆಟ್ಟಿಲು ಇಳಿಯುವ ಮೊದಲೇ "ಸ್ವಾಮಿ, ಒಂದ್ನಿಮಿಷ" ಎನ್ನುತ್ತಾರೆ. ದುಡ್ಡಿನ ಶಬ್ದ ಇರುವ ಯಂತ್ರ ಯಾವುದೂ ಅವರಿಗೆ ಕಷ್ಟವಾಗಿಲ್ಲ. ಪೇಜ್ ಶಬ್ದ ಮಾಡುವುದಿಲ್ಲ, ಹಾಗಾಗಿ ಅದು ಹುಡುಗರ ಆಟ. ಈಗ ಬೈಪಾಸ್ ರಸ್ತೆಯಲ್ಲಿ ಎರಡನೆಯ ಬ್ರಾಂಚಿಗೆ ಮೌಲ್ಡ್ ಬಿದ್ದಿದೆ, ಶ್ರಾವಣಕ್ಕೆ ಆರಂಭೋತ್ಸವ. ಶೋಕೇಸಿನವನಿಗೆ ಅಡ್ವಾನ್ಸು ಹೋಗಿದೆ, ಸಿಸಿ ಕ್ಯಾಮೆರಾದವನಿಗೆ ಹೋಗಿದೆ, ವಾಲಗದವರಿಗೂ ಹೋಗಿದೆ. ಪೇಜಿನ ಬಾಬ್ತು ಮಾತ್ರ ಖರ್ಚಿನ ಪಟ್ಟಿಯಲ್ಲಿಲ್ಲ. ತಂಗಿಯ ಮಗನೊಬ್ಬ ಸೆಕೆಂಡ್ ಪಿಯುಸಿ ಮುಗಿಸಿ ಮನೆಯಲ್ಲಿ ಸುಮ್ಮನೆ ಕೂತಿದ್ದಾನಂತೆ, ಚುರುಕಿನ ಹುಡುಗನಂತೆ, ರೀಲ್ಸ್ ಕೂಡ ಮಾಡುತ್ತಾನಂತೆ.