ಮನೆಗುಲುಮೆಯ ಛುರಿಕಾಮೀಮಾಂಸೆ

ಯಾವ ಶಾಸ್ತ್ರಕ್ಕೇ ಆಗಲಿ, ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ಅನುಬಂಧ ಚತುಷ್ಟಯವನ್ನು ಮೊದಲು ನಿರೂಪಿಸಬೇಕೆಂಬುದು ಪೂರ್ವಾಚಾರ್ಯರ ಕಟ್ಟಳೆ. ಕಾರನ್ನು ಬೀದಿಗೆ ತಳ್ಳಿ, ಕಾರ್ ಶೆಡ್ಡಿನಲ್ಲಿ ಕೂತು ಚಾಕು ಮಾಡುವ ವಿದ್ಯೆಯೂ ಈಚೆಗೆ ಶಾಸ್ತ್ರದ ಮಟ್ಟಕ್ಕೆ ಏರಿರುವುದರಿಂದ ಈ ಪ್ರಬಂಧವೂ ಅದೇ ಕ್ರಮದಲ್ಲಿ ನಡೆಯುತ್ತದೆ. ನಾಲ್ಕನೆಯದಾದ ಪ್ರಯೋಜನದ ವಿಚಾರದಲ್ಲಿ ಮಾತ್ರ ಕೊಂಚ ತೊಡಕಿದೆ. ಅದನ್ನು ಆದಷ್ಟು ಮುಂದೂಡಲಾಗುವುದು.

ಅಧಿಕಾರಿ ಯಾರು? ಕಮ್ಮಾರನಂತೂ ಅಲ್ಲ. ಅವನಿಗೆ ಕೆಲಸ ಗೊತ್ತಿರುವುದರಿಂದ ಜಿಜ್ಞಾಸೆಗೆ ಎಡೆಯೇ ಇಲ್ಲ. ವಾರವೆಲ್ಲ ಕಂಪ್ಯೂಟರ್ ಮುಂದೆ ಕೂತು, ಶನಿವಾರ ಬೆಳಗಾಗುತ್ತಲೇ ‘ಕೈಯಾರೆ ಏನಾದರೂ ಮಾಡಬೇಕು’ ಎಂಬ ತಹತಹ ಹತ್ತಿದವನೇ ಮುಖ್ಯಾಧಿಕಾರಿ. ಅವನ ಲಕ್ಷಣ ಎಡಗೈ ರೋಮರಾಹಿತ್ಯ. ಅಲಗಿನ ಹರಿತವನ್ನು ಮುಂಗೈ ಕೂದಲು ಬೋಳಿಸಿ ನೋಡುವುದು ಈ ಪಂಥದ ಆಚಾರವಾದ್ದರಿಂದ, ಮದುವೆಮನೆಯ ಪಂಕ್ತಿಯಲ್ಲಿ ಕೂತವರ ತೋಳು ನೋಡಿಯೇ ಸಹಪಂಥೀಯರನ್ನು ಗುರುತಿಸಬಹುದು. ಬೆರಳಿಗೆ ಬ್ಯಾಂಡೇಜ್ ಸುತ್ತಿದ್ದರೆ ಅವನ ಅಲಗು ಹರಿತವೆಂದು ಅನುಮಾನಪ್ರಮಾಣದಿಂದ ಸಿದ್ಧ ಎನ್ನುವವರಿದ್ದಾರೆ. ಮೊಂಡು ಚಾಕು ಜಾರಿದಾಗಲೂ ಗಾಯವಾಗುತ್ತದೆ, ಆದ್ದರಿಂದ ಇದು ಹೇತ್ವಾಭಾಸ ಎಂದು ನೈಯಾಯಿಕರ ಆಕ್ಷೇಪ.

ಇನ್ನು ವಿಷಯ. ಇದರ ಉಗಮಸ್ಥಾನ ಗುಜರಿ ಅಂಗಡಿ. ಲಾರಿಯ ಕಮಾನು ಪಟ್ಟಿಯಲ್ಲಿ ಇಂಗಾಲ ನೂರಕ್ಕೆ ಸುಮಾರು 0.6, ಹಳೆಯ ಒಳ್ಳೆಯ ಅರದಲ್ಲಿ ಒಂದರ ಆಸುಪಾಸು ಅಥವಾ ಮೇಲೆ. ಇವೆರಡೂ ಶಾಸ್ತ್ರಸಮ್ಮತ. ಆದರೆ ಹೊಸ ಸಾಧಕನು ಪಕ್ಕದಲ್ಲಿ ಕಟ್ಟುತ್ತಿರುವ ಮನೆಯ ಕಂಬಿಯ ತುಂಡಿನಿಂದಲೇ ಆರಂಭಿಸುತ್ತಾನೆ. ಅದರಲ್ಲಿ ಇಂಗಾಲ 0.3ರ ಗಡಿಯನ್ನೂ ದಾಟುವುದಿಲ್ಲ. ಎಷ್ಟು ಕಾಯಿಸಿ ಎಷ್ಟು ಅದ್ದಿದರೂ ಅಲಗಿಗೆ ಬೇಕಾದ ಗಡಸು ಬಾರದು. ಗ್ರೈಂಡರಿಗೆ ಒತ್ತಿದಾಗ ಕಿಡಿ ಉದ್ದನೆಯ ಗೆರೆಯಾಗಿ ಹಾರಿದರೆ ಮೆದು ಕಬ್ಬಿಣ, ಕವಲೊಡೆದು ನಕ್ಷತ್ರದಂತೆ ಸಿಡಿದರೆ ಇಂಗಾಲ ಹೆಚ್ಚಿರುವ ಉಕ್ಕು ಎಂಬುದು ಪ್ರತ್ಯಕ್ಷ ಪ್ರಮಾಣ. ಸಾಧಕನು ಈ ಪರೀಕ್ಷೆಯನ್ನು ತಪ್ಪದೆ ಮಾಡುತ್ತಾನೆ, ಚಾಕು ಪೂರ್ತಿಯಾದ ಮೇಲೆ.

ಶಾಸ್ತ್ರದ ಹೃದಯ ಇರುವುದು ಅಗ್ನಿಕಾರ್ಯದಲ್ಲಿ. ಉಕ್ಕು ಕೆಂಪಗೆ ಕಾದು ಸುಮಾರು 770 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಅಯಸ್ಕಾಂತಕ್ಕೆ ಅಂಟುವುದನ್ನು ಬಿಟ್ಟುಬಿಡುತ್ತದೆ. ಲೋಹಶಾಸ್ತ್ರಜ್ಞರು ಇದಕ್ಕೆ ಏನೇ ಹೆಸರಿಟ್ಟಿರಲಿ, ಇದು ಸಂಗಪರಿತ್ಯಾಗವಲ್ಲದೆ ಬೇರೇನೂ ಅಲ್ಲ. ಈ ವೈರಾಗ್ಯ ಬಲಿಯಲು ಇನ್ನೂ ಕೊಂಚ, ಅಂದರೆ 800ರಿಂದ 850 ಡಿಗ್ರಿಯವರೆಗೆ, ಕಾಯಿಸಬೇಕು. ಹೆಚ್ಚಾದರೆ ಕಣ ಒರಟಾಗಿ ಅಲಗು ಪೆಡಸಾಗುತ್ತದೆ. ಅತಿ ವೈರಾಗ್ಯ ಗೃಹಸ್ಥರಿಗೆ ಹೇಳಿದ್ದಲ್ಲ. ತಿದಿಯ ಜಾಗದಲ್ಲಿ ಮನೆಯೊಡತಿಯ ಹೇರ್ ಡ್ರೈಯರ್ ಬಳಸುವ ಪದ್ಧತಿಯನ್ನು ಸಂಬಂಧ ಪ್ರಕರಣದಲ್ಲಿ ಎತ್ತಿಕೊಳ್ಳೋಣ.

ಕಾದ ಅಲಗನ್ನು ಅದ್ದುವುದು ಯಾವುದರಲ್ಲಿ? ಇಲ್ಲಿ ಜಲವಾದಿಗಳಿಗೂ ತೈಲವಾದಿಗಳಿಗೂ ಹಳೆಯ ಜಗಳ. ಥಟ್ಟನೆ ತಣಿಸಿದಾಗ ಉಕ್ಕಿನಲ್ಲಿ ಕರಗಿದ್ದ ಇಂಗಾಲ ಹೊರಬರಲು ಪುರುಸೊತ್ತು ಸಿಗದೆ ಅಲ್ಲೇ ಸಿಕ್ಕಿಬೀಳುವುದರಿಂದ ಗಡಸು ಬರುತ್ತದೆ. ಆ ಸ್ಥಿತಿಗೆ ಜರ್ಮನಿಯ ಅಡಾಲ್ಫ್ ಮಾರ್ಟೆನ್ಸ್ ಎಂಬವನ ನೆನಪಿಗೆ ಮಾರ್ಟೆನ್ಸೈಟ್ ಎಂದು ಹೆಸರಿಟ್ಟರು. ಅವನಿಗಿಂತ ಸಾವಿರಾರು ವರ್ಷ ಮೊದಲೇ ಅದನ್ನು ಮಾಡುತ್ತಿದ್ದ ಕಮ್ಮಾರರಿಗೆ ಪ್ರಬಂಧ ಬರೆಯುವ ಅಭ್ಯಾಸವಿರಲಿಲ್ಲ. ಕಮಾನು ಪಟ್ಟಿಗೆ ಐವತ್ತು ಅರವತ್ತು ಡಿಗ್ರಿಗೆ ಬೆಚ್ಚಗಾದ ಎಣ್ಣೆಯೇ ಸಾಕು ಎಂದು ತೈಲವಾದಿಗಳು ಎಷ್ಟೇ ಸಾರಲಿ, ಬಕೆಟ್ಟಿನ ತಣ್ಣೀರು ಕೈಗೆಟುಕುವ ದೂರದಲ್ಲೇ ಇರುತ್ತದೆ. ಅಲಗನ್ನು ಅದರಲ್ಲಿ ಅದ್ದಿದಾಗ ಹೊರಡುವ ನಾದ ‘ಟಿಣ್’. ಈ ಏಕಾಕ್ಷರ ಮಂತ್ರ ಕಿವಿಗೆ ಬಿದ್ದೊಡನೆ ಸಾಧಕನು ಕಣ್ಣು ಮುಚ್ಚುತ್ತಾನೆ. ಅದು ಧ್ಯಾನವಲ್ಲ; ಬಿರುಕು ನೋಡಲು ಧೈರ್ಯವಿಲ್ಲ.

ಬಿರುಕಿನವರೆಗೆ ಕತ್ತರಿಸಿ ಉಳಿದದ್ದನ್ನು ಮತ್ತೆ ಉಜ್ಜಲಾಗುತ್ತದೆ. ಖಡ್ಗವಾಗಿ ಸಂಕಲ್ಪಿತವಾದದ್ದು ಬೇಟೆಗತ್ತಿಯಾಗಿ, ತರಕಾರಿ ಚಾಕುವಾಗಿ, ಹಣ್ಣಿನ ಚಾಕುವಾಗಿ, ಕೊನೆಗೆ ಲಕೋಟೆ ಸೀಳುವ ಅಲಂಕಾರವಾಗಿ ಅವತಾರ ಮುಗಿಸುತ್ತದೆ. ಖಡ್ಗವೇ ಚಾಕುವಾಗಿ ಪರಿಣಮಿಸಿತೆ, ಅಥವಾ ಮೊದಲಿನಿಂದ ಇದ್ದದ್ದು ಲಕೋಟೆಯ ಚಾಕು, ಖಡ್ಗವೆಂಬುದು ಬರಿಯ ತೋರಿಕೆಯೆ? ಪರಿಣಾಮವಾದಿಗಳೂ ವಿವರ್ತವಾದಿಗಳೂ ಇಲ್ಲಿ ಇನ್ನೂ ರಾಜಿಯಾಗಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳು ಒಂಬತ್ತು ಅಂಗುಲಕ್ಕಿಂತ ಉದ್ದದ ಅಥವಾ ಎರಡು ಅಂಗುಲಕ್ಕಿಂತ ಅಗಲದ, ಮನೆ ಹೊಲಗಳ ಬಳಕೆಗಲ್ಲದ ಅಲಗುಗಳನ್ನು ಆಯುಧಗಳ ಪಟ್ಟಿಗೆ ಸೇರಿಸಿವೆ. ನಮ್ಮ ಸಾಧಕನು ಕಾನೂನಿಗೆ ಹೆದರಬೇಕಾಗಿಲ್ಲ. ಒಂದೇ ಒಂದು ‘ಟಿಣ್’ ಅವನನ್ನು ಸಜ್ಜನ ನಾಗರಿಕನನ್ನಾಗಿ ಮಾಡುತ್ತದೆ.

ಸಂಬಂಧ ಎಂದರೆ ಶಾಸ್ತ್ರಕ್ಕೂ ವಿಷಯಕ್ಕೂ ಇರುವ ನಂಟು ಎಂದು ವೇದಾಂತಿಗಳು. ಈ ಶಾಸ್ತ್ರದಲ್ಲಿ ಅದು ದಾಂಪತ್ಯ ಮತ್ತು ನೆರೆಹೊರೆ. ಎಣ್ಣೆಯ ಹೊಗೆ ಕಾಂಪೌಂಡು ದಾಟಿದಾಗ ಪಕ್ಕದ ಮನೆಯವರು ಮೊದಲ ಸಲ ‘ಏನು, ಇವತ್ತು ಬಜ್ಜಿನಾ?’ ಎಂದು ಕೇಳುತ್ತಾರೆ. ಆಮೇಲೆ ಕೇಳುವುದಿಲ್ಲ, ಕಿಟಕಿ ಹಾಕುತ್ತಾರೆ. ಅದ್ದಿದ ಅಲಗು ಗಾಜಿನಷ್ಟು ಪೆಡಸಾಗಿರುವುದರಿಂದ ಅದನ್ನು 200 ಡಿಗ್ರಿ ಶಾಖದಲ್ಲಿ ಹದ ಮಾಡಬೇಕು. ಮೈಮೇಲೆ ತಿಳಿ ಹುಲ್ಲುಬಣ್ಣ ಬಂದರೆ ಸರಿ. ನೀಲಿಗೆ ತಿರುಗಿದರೆ ಹದ ಮೀರಿ ಅಲಗು ಮೆತ್ತಗಾಯಿತೆಂದು ಅರ್ಥ. ಅಷ್ಟು ನಿಗದಿತ ಶಾಖ ಸಿಗುವ ಸಾಧನ ಮನೆಯಲ್ಲಿ ಇರುವುದು ಒಂದೇ.

“ರೀ, ಓವನ್‌ನಲ್ಲಿ ಏನಿಟ್ಟಿದ್ದೀರಾ?”

“ಹದಕ್ಕೆ ಇಟ್ಟಿದೀನಿ ಕಣೇ. ಎರಡು ಗಂಟೆ. ತೆಗೆದು ಆರಿಸಿ, ಇನ್ನೊಂದು ಸಲ ಎರಡು ಗಂಟೆ.”

“ಅಷ್ಟು ಹೊತ್ತು ಬೇಯಿಸಿದ್ರೂ ನಿಮ್ಮ ಚಾಕು ಟೊಮ್ಯಾಟೊ ಕುಯ್ಯಲ್ವಲ್ರೀ. ನನ್ನ ಹೇರ್ ಡ್ರೈಯರ್ ಎಲ್ಲಿ?”

ಇಲ್ಲಿಂದ ಮುಂದಿನ ಸಂಭಾಷಣೆ ತ್ರುಟಿತವಾಗಿದೆ.

ಈ ಘಟ್ಟದಲ್ಲಿ ಪ್ರಬಂಧದ ಮುಖ್ಯ ಪ್ರಮೇಯವನ್ನು ಮಂಡಿಸಬೇಕು: ಮನೆಗುಲುಮೆಯಲ್ಲಿ ನಿಜವಾಗಿ ತಯಾರಾಗುವುದು ವಿವರಣೆ, ಚಾಕು ಅದರ ಜೊತೆಗೆ ಬೀಳುವ ತೌಡು. ಅಲಗಿನ ಎಡಬಲ ಇಳಿಜಾರು ಸಮವಾಗದಿದ್ದರೆ ಅದು ಜಪಾನಿ ಪದ್ಧತಿ. ಮೈ ಕಪ್ಪಾಗಿ ಉಳಿದರೆ ಕುಲುಮೆಯ ಸಹಜ ಸೌಂದರ್ಯ. ಅಜ್ಜಿಯ ಮಂಚದ ಕಾಲು ಕೊಯ್ದು ಮಾಡಿದ ಬೀಟೆಯ ಹಿಡಿ ಎಪಾಕ್ಸಿ ಬಿಟ್ಟು ಅಲ್ಲಾಡಿದರೆ ಮಳೆಗಾಲದ ತೇವ. ಇಂಥ ವಿವರಣೆಗಳಿಗೆ ದೊಡ್ಡ ಪರಂಪರೆಯೂ ಉಂಟು. ಮೈಸೂರು ಸೀಮೆಯ ಹಳ್ಳಿಗಳಲ್ಲಿ ಮಣ್ಣಿನ ಮೂಸೆಗೆ ಕಬ್ಬಿಣ, ತಂಗಡಿ ಕಡ್ಡಿ, ಹಸಿ ಎಲೆ ತುಂಬಿ, ಬಾಯಿ ಮೆತ್ತಿ ಉಕ್ಕು ಇಳಿಸುತ್ತಿದ್ದ ಕಾಲದಲ್ಲಿ, ಅಂಥ ಭಾರತೀಯ ಉಕ್ಕಿನ ಬಗ್ಗೆ ಜಾರ್ಜ್ ಪಿಯರ್ಸನ್ 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪ್ರಬಂಧ ಒಪ್ಪಿಸಿದ. ಆ ಭಾರತೀಯ ಉಕ್ಕನ್ನು ಅನುಕರಿಸಲು ಮೈಕೆಲ್ ಫ್ಯಾರಡೆ, ಚಾಕು ತಯಾರಕ ಜೇಮ್ಸ್ ಸ್ಟೊಡಾರ್ಟ್ ಜೊತೆ ಸೇರಿ, 1819ರಿಂದ ಕೆಲವು ವರ್ಷ ಉಕ್ಕಿಗೆ ಬೆಳ್ಳಿ, ಪ್ಲಾಟಿನಂ ಮೊದಲಾದವನ್ನು ಬೆರೆಸಿ ನೋಡಿದ. ತಂಗಡಿ ಕಡ್ಡಿಗಿಂತ ಪ್ಲಾಟಿನಂ ದುಬಾರಿಯೆಂಬುದು ಹವ್ಯಾಸಿಯ ಕಣ್ಣಿಗೆ ಅಡ್ಡಿಯಾಗಿ ಕಾಣುವುದಿಲ್ಲ. ಫ್ಯಾರಡೆ ಕಮ್ಮಾರನ ಮಗ. ತಾನು ಬೆರೆಸಿದ ಉಕ್ಕಿನ ಕ್ಷೌರದ ಕತ್ತಿಗಳನ್ನು ಗೆಳೆಯರಿಗೆ ಉಡುಗೊರೆ ಕೊಡುತ್ತಿದ್ದನಂತೆ; ಗೆಳೆಯರು ಮುಂದೆ ಗಡ್ಡ ಬಿಟ್ಟರೋ ಎಂಬುದು ಸಂಶೋಧನಾರ್ಹ.

ಪ್ರಯೋಜನವನ್ನು ಇನ್ನು ಮುಂದೂಡುವಂತಿಲ್ಲ. ಅಮೆರಿಕದಲ್ಲಿ 1976ರಲ್ಲಿ ಸ್ಥಾಪಿತವಾದ ಬ್ಲೇಡ್‌ಸ್ಮಿತ್ ಸೊಸೈಟಿ ಇದಕ್ಕೆಂದೇ ಪರೀಕ್ಷೆ ಇಟ್ಟಿದೆ. ತೂಗುಬಿಟ್ಟ ಒಂದು ಅಂಗುಲ ದಪ್ಪದ ಹಗ್ಗವನ್ನು ಒಂದೇ ಏಟಿಗೆ ಕಡಿಯಬೇಕು, ಮರದ ತೊಲೆಯನ್ನು ಕಡಿಕಡಿದು ಎರಡು ಸಲ ತುಂಡರಿಸಬೇಕು, ಅಷ್ಟಾದ ಮೇಲೂ ಅದೇ ಅಲಗು ಕೂದಲು ಬೋಳಿಸಬೇಕು. ಕೊನೆಗೆ ಅದನ್ನು ಬೆಂಚ್ ವೈಸಿನಲ್ಲಿ ಸಿಕ್ಕಿಸಿ ಮುರಿಯದಂತೆ 90 ಡಿಗ್ರಿ ಬಗ್ಗಿಸಬೇಕು. ಅಂದರೆ ಚಾಕು ಉತ್ತಮವೆಂದು ಸಿದ್ಧವಾಗುವ ಹೊತ್ತಿಗೆ ಅದು ಚಾಕುವಾಗಿ ಉಳಿದಿರುವುದಿಲ್ಲ. ನಮ್ಮ ಸಾಧಕನ ಚಾಕು ಈ ನಾಲ್ಕನೆಯ ಭಾಗದಲ್ಲಿ ಕುಂಬಳಕಾಯಿ ಹೆಚ್ಚುವಾಗಲೇ ತೇರ್ಗಡೆಯಾಗಿದೆ.

ಪರಿಣತರ ಮೌಲ್ಯಮಾಪನಕ್ಕಾಗಿ ಅದನ್ನು ಸಂತೆಯಲ್ಲಿ ಕತ್ತಿ, ಕುಡುಗೋಲು ಮಾರುವ ಕಮ್ಮಾರನ ಮುಂದಿಡಲಾಯಿತು. ಅವನು ಹೆಬ್ಬೆರಳಲ್ಲಿ ಅಲಗನ್ನು ಅಡ್ಡಡ್ಡ ಸವರಿ, ಉಗುರಿಂದ ಮೀಟಿ, ಸದ್ದು ಕೇಳಿ, “ಯಾರ್ ಸಾರ್ ಮಾಡಿದ್ದು?” ಎಂದ. “ನಮ್ಮ ಪರಿಚಯದವರು,” ಎಂದು ಸಾಧಕ, ಇಂಗಾಲದ ಪ್ರಮಾಣ, ಮಾರ್ಟೆನ್ಸೈಟ್, ಹುಲ್ಲುಬಣ್ಣ ಎಲ್ಲವನ್ನೂ ಬಿಡಿಸಿ ಹೇಳಿದ. ಕಮ್ಮಾರ ಬೀಡಿ ಮುಗಿಯುವ ತನಕ ಕೇಳಿ, “ಕಬ್ಣ ಚೆನ್ನಾಗೈತೆ ಸಾರ್,” ಎಂದ.

ಈ ವಾಕ್ಯವನ್ನು ಸಾಧಕನು ಬಂದುಹೋದವರಿಗೆಲ್ಲ ಉದ್ಧರಿಸುತ್ತಾನೆ. ಸಂತೆಯಲ್ಲಿ ಪಕ್ಕದ ಬಳೆ ಅಂಗಡಿಯವಳಿಂದ ನಮಗೆ ದೊರೆತ ಪಾಠದಲ್ಲಿ ಮಾತ್ರ, “ಪಟ್ಟಿ ಮಿಕ್ಕಿದ್ರೆ ತಗೊಂಬನ್ನಿ, ಒಂದು ಚಾಕು ಮಾಡ್ಕೊಡ್ತೀನಿ” ಎಂಬ ಉತ್ತರಾರ್ಧವೂ ಇದೆ. ಸಾಧಕನ ಮನೆಯ ಪ್ರತಿಯಲ್ಲಿ ಈ ಭಾಗ ಲುಪ್ತ.