ಮೂರನೇ ಕ್ರಾಸಿನ ಜನರಲ್

ರಿಟೈರಾದ ಮೇಲೆ ಕೆಲವರು ಭಗವದ್ಗೀತೆ ಹಿಡಿಯುತ್ತಾರೆ. ಹಿಡಿದವರಲ್ಲೂ ಒಂದು ಜಾತಿಯಿದೆ. ಮೊದಲನೇ ಅಧ್ಯಾಯದಲ್ಲಿ ಯಾರ ಸೈನ್ಯದಲ್ಲಿ ಯಾರಿದ್ದರು, ಯಾರು ಯಾವ ಶಂಖ ಊದಿದರು ಎಂಬಲ್ಲಿಯವರೆಗೆ ಕಣ್ಣರಳಿಸಿಕೊಂಡು ಓದುತ್ತಾರೆ. ಅರ್ಜುನ ಬಿಲ್ಲು ಕೆಳಗಿಟ್ಟ ಕೂಡಲೇ ಇವರೂ ಪುಸ್ತಕ ಕೆಳಗಿಡುತ್ತಾರೆ.

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ನಮ್ಮ ಮೂರನೇ ಕ್ರಾಸಿನವರು ಬ್ಯಾಂಕ್ ಮ್ಯಾನೇಜರಾಗಿದ್ದವರು. ಬೀದಿಯವರು ‘ಜನರಲ್’ ಎಂದು ಹೆಸರಿಟ್ಟಿದ್ದು ಹಿಂದಿನಿಂದ ಆಡಿಕೊಳ್ಳಲು. ಅದು ಅವರ ಕಿವಿಗೆ ಬಿದ್ದ ದಿನವೇ ಅವರು ಮೀಸೆ ಬಿಡಲು ಶುರುಮಾಡಿದರು. ಹಸಿರು ಬಣ್ಣದ, ಮೈತುಂಬ ಜೇಬುಗಳ ತೋಳಿಲ್ಲದ ಜಾಕೆಟ್ಟು ಆಮೇಲೆ ಬಂತು. ಜೇಬಿನಲ್ಲಿ ಬಿಪಿ ಮಾತ್ರೆ, ಕನ್ನಡಕದ ಡಬ್ಬಿ, ಹಾಲಿನ ಕೂಪನ್ನು.

ಅವರ ಕಪಾಟು ನೋಡಬೇಕು. ಚರ್ಚ್ ಸ್ಟ್ರೀಟಿನ ಸೆಕೆಂಡ್ ಹ್ಯಾಂಡ್ ಅಂಗಡಿಗಳಿಂದ ಹೊತ್ತು ತಂದ ಯುದ್ಧದ ಪುಸ್ತಕಗಳ ದಳವೆಲ್ಲ ಅಲ್ಲಿ ಸಾಲುಗಟ್ಟಿದೆ. ಸುನ್ ತ್ಸು ನಾಲ್ಕು ಪ್ರತಿ. ಹದಿಮೂರೇ ಅಧ್ಯಾಯದ ಪುಸ್ತಕವಾದ್ದರಿಂದ ಬೀಳ್ಕೊಡುಗೆಯಲ್ಲಿ ಉಡುಗೊರೆ ಕೊಡುವವರಿಗೆ ಅದು ಅಗ್ಗ. ಕ್ಲೌಸ್‌ವಿಟ್ಸ್ ಒಂದೇ ಪ್ರತಿ, ಎಂಟು ಭಾಗಗಳಲ್ಲಿ ಮೊದಲನೆಯದರಲ್ಲೇ ಬಸ್ ಟಿಕೆಟ್ಟಿನ ಗುರುತು ನಿಂತುಬಿಟ್ಟಿದೆ. ಪಾಪ, ಕ್ಲೌಸ್‌ವಿಟ್ಸ್ ಕೂಡ ಅದನ್ನು ಮುಗಿಸಲಿಲ್ಲ. 1831ರಲ್ಲಿ ಕಾಲರಾ ಬಂದು ತೀರಿಕೊಂಡ. ಕಾಗದಗಳನ್ನೆಲ್ಲ ಜೋಡಿಸಿ ಮರುವರ್ಷ ಅಚ್ಚು ಹಾಕಿಸಿದವಳು ಹೆಂಡತಿ ಮಾರಿ. ಇದನ್ನು ಜನರಲ್ಲರು ಮನೆಯಲ್ಲಿ ಹೇಳಿ ತಪ್ಪು ಮಾಡಿದರು. “ಆ ಪುಣ್ಯಾತಗಿತ್ತಿ ಮಾಡಿರಬಹುದು. ನನ್ನ ಕೈಲಿ ಆಗಲ್ಲ, ಈಗಲೇ ಹೇಳಿದೀನಿ” ಎಂದರು ಅವರ ಯಜಮಾನತಿ.

ಸೋತ ಸೇನಾಪತಿಗಳ ಆತ್ಮಕಥೆಯೆಂದರೆ ಅವರಿಗೆ ಪ್ರಾಣ. ಮ್ಯಾನ್‌ಸ್ಟೈನನದು ಓದಿದರೆ ಗೆಲುವೆಲ್ಲ ಮ್ಯಾನ್‌ಸ್ಟೈನನದು, ಸೋಲೆಲ್ಲ ಹಿಟ್ಲರನದು. ಬ್ಯಾಂಕಿನಲ್ಲಿ ಮುಳುಗಿದ ಸಾಲಗಳೆಲ್ಲ ಹೆಡ್ ಆಫೀಸಿನ ಕಾಟದಿಂದಲೇ ಮುಳುಗಿದವು ಎಂದು ಬಲವಾಗಿ ನಂಬಿದವರಿಗೆ ಇದಕ್ಕಿಂತ ಆಪ್ತವಾದ ಬರಹ ಇನ್ನೆಲ್ಲಿ ಸಿಗಬೇಕು? 1962ರ ಚೀನಾ ಯುದ್ಧದ ಪುಸ್ತಕಗಳೂ ಹಾಗೆಯೇ. ಬಿ.ಎಂ. ಕೌಲ್ 1967ರಲ್ಲಿ ತಮ್ಮ ಕಥೆ ಬರೆದರು, ಬ್ರಿಗೇಡಿಯರ್ ಜಾನ್ ದಳವಿ 1969ರಲ್ಲಿ ‘ಹಿಮಾಲಯನ್ ಬ್ಲಂಡರ್’ ಹೊರತಂದರು. ಇದನ್ನು ಜನರಲ್ಲರು ಇಂಗ್ಲಿಷಿನಲ್ಲಿ ಓದಿ, ರವಿ ಬೆಳಗೆರೆಯವರ ಕನ್ನಡದಲ್ಲೂ ಓದಿದ್ದಾರೆ. ಯುದ್ಧ ಹೊತ್ತಿಕೊಳ್ಳುವ ಮುನ್ನಾ ದಿನಗಳಲ್ಲೇ ಕೌಲ್ ಕಾಯಿಲೆ ಬಿದ್ದು ದೆಹಲಿಗೆ ಬಂದು, ಮನೆಯ ಹಾಸಿಗೆಯ ಮೇಲಿಂದಲೇ ಕೋರ್ ನಡೆಸಲು ನೋಡಿದ್ದನ್ನು ಹೇಳುವಾಗ ಜನರಲ್ಲರಿಗೆ ಮೈಯೆಲ್ಲ ಉರಿಯುತ್ತದೆ. “ಮಲಕ್ಕೊಂಡು ಯುದ್ಧ ಮಾಡ್ತಾರೇನ್ರೀ ಯಾರಾದ್ರೂ?” ಹೀಗೆ ಕೇಳುವಾಗ ಅವರೂ ಸೋಫಾದ ಮೇಲೆ ಕಾಲು ಚಾಚಿ ಒರಗಿರುತ್ತಾರೆ. ಮೊಣಕಾಲು ನೋವು.

ದಳವಿಯವರ ಪುಸ್ತಕದಲ್ಲಿ ಬೂಟು, ಸ್ವೆಟರು, ರೇಷನ್ನು, ವಿಮಾನದಿಂದ ತ್ಸಾಂಗ್‌ಧರ್‌ನಲ್ಲಿ ಎಸೆದ ಸಾಮಾನು ಕೊರಕಲಿಗೆ ಉರುಳಿಹೋದದ್ದು ಇವೇ ಮತ್ತೆ ಮತ್ತೆ ಬರುತ್ತವೆ. ನನ್ನ ಮಟ್ಟಿಗೆ ಆ ಪುಸ್ತಕದ ಜೀವ ಇರುವುದೇ ಅಲ್ಲಿ. ಜನರಲ್ಲರು ಆ ಹಾಳೆಗಳನ್ನು ಬೇಗ ಬೇಗ ತಿರುವುತ್ತಾರೆ. ಸರಬರಾಜಿನ ಚರಿತ್ರೆಯನ್ನೇ ಬರೆದ ಮಾರ್ಟಿನ್ ವಾನ್ ಕ್ರೆವೆಲ್ಡ್‌ರ 1977ರ ಪುಸ್ತಕವೂ ಅವರಲ್ಲಿದೆ. ಅಂಗಡಿಯವನು ಸುತ್ತಿಕೊಟ್ಟ ಪ್ಲಾಸ್ಟಿಕ್ಕನ್ನು ಇನ್ನೂ ಬಿಚ್ಚಿಲ್ಲ.

ಕೌಟಿಲ್ಯನ ವಿಷಯ ಮಾತ್ರ ಬೇರೆ. ಜನರಲ್ಲರು ಹುಟ್ಟಾ ಮೈಸೂರಿನವರು. ತಂಜಾವೂರು ಸೀಮೆಯ ಪಂಡಿತರೊಬ್ಬರು ಕೊಟ್ಟ ಅರ್ಥಶಾಸ್ತ್ರದ ತಾಳೆಗರಿ 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಶಾಮಶಾಸ್ತ್ರಿಗಳ ಕೈಗೆ ಬಂದದ್ದು, 1909ರಲ್ಲಿ ಅಚ್ಚಾದದ್ದು, ಇದನ್ನೆಲ್ಲ ಅವರು ಪಕ್ಕದಲ್ಲಿ ತಾವೇ ಲಾಟೀನು ಹಿಡಿದು ನಿಂತಿದ್ದವರ ಹಾಗೆ ವರ್ಣಿಸುತ್ತಾರೆ. ನೆರೆಯ ರಾಜ ಸಹಜ ಶತ್ರು, ಅವನಾಚೆಯವನು ಸಹಜ ಮಿತ್ರ ಎಂಬ ಮಂಡಲ ಸಿದ್ಧಾಂತವನ್ನು ಮೂರನೇ ಕ್ರಾಸಿಗೂ ಜಾರಿ ಮಾಡಿದ್ದಾರೆ. ಬಲಗಡೆಯ ಮನೆಯವರೊಂದಿಗೆ ಕಾರು ನಿಲ್ಲಿಸುವ ಜಾಗಕ್ಕೆ ವೈರ, ಎಡಗಡೆಯವರೊಂದಿಗೆ ತೆಂಗಿನ ಗರಿ ಬೀಳುವ ವಿಷಯಕ್ಕೆ ವೈರ. ಎಡಗಡೆಯದು ರಸ್ತೆಯ ಕೊನೇ ಮನೆ. ಅದರಾಚೆ ಮಿತ್ರನಿರಬೇಕಾದ ಜಾಗದಲ್ಲಿ ರಾಜಕಾಲುವೆ ಹರಿಯುತ್ತದೆ. ಹೀಗಾಗಿ ಮಿತ್ರರಾಜ್ಯದ ಹೊಣೆಯೆಲ್ಲ ಬಲಗಡೆಯಿಂದ ಎರಡನೇ ಮನೆಯವನಾದ ನನ್ನ ಮೇಲೆ ಬಿದ್ದಿದೆ. ಭಾನುವಾರ ಬೆಳಗ್ಗೆ ಅವರ ಜೊತೆ ತಿಂಡಿಗೆ ಹೋಗುವುದು ಒಪ್ಪಂದದ ಮೊದಲನೇ ಷರತ್ತು.

ನೀವೇನಾದರೂ ಸೈನ್ಯದಲ್ಲಿದ್ದಿರಾ ಎಂದು ಅಪರಿಚಿತರು ಕೇಳಿದರೆ ಅವರಲ್ಲಿ ಉತ್ತರ ಸಿದ್ಧ. ‘ದಿ ಫೇಸ್ ಆಫ್ ಬ್ಯಾಟಲ್’ ಬರೆದ ಜಾನ್ ಕೀಗನ್ ಕೂಡ ಯುದ್ಧ ಕಂಡವರಲ್ಲ, ಆ ಮಾತನ್ನು ಪುಸ್ತಕದ ಶುರುವಿನಲ್ಲೇ ಹೇಳಿಕೊಂಡಿದ್ದಾರೆ, ಆದರೂ ಸ್ಯಾಂಡ್‌ಹರ್ಸ್ಟ್‌ನಲ್ಲಿ ಪಾಠ ಹೇಳಲಿಲ್ಲವೇ? ಕೇಳಿದವರು ಸುಮ್ಮನಾಗುತ್ತಾರೆ. ಕೀಗನ್ ಯಾರೆಂದು ಕೇಳುವ ಧೈರ್ಯ ಯಾರಿಗೂ ಬಂದದ್ದಿಲ್ಲ.

ಈಚೆಗೆ ನಾಲ್ಕನೇ ಕ್ರಾಸಿಗೆ ಒಬ್ಬ ಸುಬೇದಾರರು ಬಂದರು. ಗದಗಿನ ಕಡೆಯವರು, ಆರ್ಮಿ ಸರ್ವಿಸ್ ಕೋರ್‌ನಲ್ಲಿದ್ದು ರೇಷನ್ನು, ಡೀಸೆಲ್ಲು, ಹೇಸರಗತ್ತೆ ನೋಡಿಕೊಂಡವರು. ಮಾತು ಕಡಿಮೆ. ಜನರಲ್ಲರಿಗೆ ಖುಷಿಯೋ ಖುಷಿ. ಕಡೆಗೂ ಕೈಕೆಳಗೆ ಒಬ್ಬ ನಿಜವಾದ ಸೈನಿಕ ಸಿಕ್ಕಿದ. ಅಂದಿನಿಂದ ಭಾನುವಾರದ ಹೋಟೆಲ್ಲಿಗೆ ನಾವು ಮೂವರು.

ಮೊನ್ನೆ ಅಲ್ಲಿ 1962 ಮತ್ತೆ ನಡೆಯಿತು. ಮಸಾಲೆದೋಸೆಯ ತಟ್ಟೆ ಟಿಬೆಟ್ಟು. ಉದ್ದಕ್ಕೆ ಜೋಡಿಸಿದ ಚಮಚಗಳು ಮ್ಯಾಕ್‌ಮಹನ್ ರೇಖೆ. ನೀರಿನ ಲೋಟ ಥಾಗ್‌ಲಾ ಬೆಟ್ಟ, ಚಟ್ನಿ ಬಟ್ಟಲು ತವಾಂಗ್. ಬೆರಳಿನಿಂದ ಸಾಂಬಾರು ಎಳೆದು ನಮ್ಕಾ ಚು ಹೊಳೆ ಹರಿಸಿದರು. ದಳವಿಯವರ ಏಳನೇ ಬ್ರಿಗೇಡು ಆ ಹೊಳೆಯ ದಡದಲ್ಲಿ, ಚೀನಿಯರು ಮೇಲೆ. ಅಕ್ಟೋಬರ್ 20ರ ಬೆಳಗ್ಗೆ ಏನಾಯಿತೆಂದು ಎಲ್ಲರಿಗೂ ಗೊತ್ತು. ಎರಡು ದಿನಕ್ಕೆ ದಳವಿಯವರೇ ಸೆರೆಯಾದರು. ಆದರೆ ಜನರಲ್ಲರು ಈ ಸಲ ಸೋಲಲು ಸಿದ್ಧರಿರಲಿಲ್ಲ.

“ಎದುರಿಂದ ಹೋಗಲೇಬಾರದು. ಲಿಡೆಲ್ ಹಾರ್ಟ್ ಅದನ್ನೇ ಬಡ್ಕೊಂಡಿದ್ದು. ಪಕ್ಕದಿಂದ ಸುತ್ತು ಹಾಕ್ಕೊಂಡು ಮೂರು ಡಿವಿಷನ್ ಹೀಗೆ ನುಗ್ಗಿಸ್ತೀನಿ” ಎಂದು ವಡೆಯ ಮೂರು ಚೂರುಗಳನ್ನು ಟಿಬೆಟ್ಟಿಗೆ ತಳ್ಳಿದರು.

ಸುಬೇದಾರರು ವಡೆಯನ್ನೇ ನೋಡುತ್ತಿದ್ದರು. “ಮೂರು ಡಿವಿಜನ್ ಅಂದ್ರ ಮಂದಿ ಭಾಳ ಆತ್ರೀ ಸಾಹೇಬ್ರ. ಹಿಟ್ಟು ಹ್ಯಾಂಗ ಮುಟ್ಟಸ್ತೀರಿ?”

“ಲಾರಿ ಬರ್ತವೆ.”

“ಲಾರಿಗೆ ಡೀಸೆಲ್?”

“ಇನ್ನೊಂದು ಲಾರಿ ತರತ್ತೆ.”

“ಆ ಲಾರಿಗ್ರೀ?”

ಜನರಲ್ಲರು ಲೋಟ ಎತ್ತಿ ಥಾಗ್‌ಲಾ ಬೆಟ್ಟವನ್ನು ಒಂದು ಗುಟುಕು ಕುಡಿದರು. “ಅದೆಲ್ಲ ಆಮೇಲಿನ ವಿಚಾರ, ಸುಬೇದಾರರೇ.”

ನಿಮ್ಮ ಕಪಾಟಿನ ಆ ಪ್ಲಾಸ್ಟಿಕ್ ಸುತ್ತಿದ ಪುಸ್ತಕ ಇದರ ಬಗ್ಗೆಯೇ ಅಲ್ಲವೇ ಎಂದೆ. “ಅದು ಗೋಡೌನ್ ಕೀಪರ್‌ಗಳ ಪುಸ್ತಕ ಕಣ್ರೀ” ಎಂದುಬಿಟ್ಟರು.

ಸುಬೇದಾರರಿಗೆ ಬೇಸರವೇನೂ ಆಗಲಿಲ್ಲ. ಅಪರೂಪಕ್ಕೆ ಒಂದು ಕಥೆ ಹೇಳಿದರು. “ಜೊಜಿಲಾ ಹಿಮದಾಗ ಮುಚ್ಚೂದ್ರಾಗ ಚಳಿಗಾಲದ ಸಾಮಾನೆಲ್ಲ ಮ್ಯಾಲ ಒಗೀಬೇಕ್ರೀ. ಅಕ್ಕಿ, ಬ್ಯಾಳಿ, ಸೀಮಿಎಣ್ಣಿ. ಒಂದು ವರ್ಷ ಒಂದು ಪೋಸ್ಟಿಗೆ ಎಲ್ಲಾ ಕಳ್ಸಿದ್ವಿ, ಉಪ್ಪು ಮರತ್ವಿ. ಆ ಹುಡುಗ್ರು ನಮಗ ಬೈದಷ್ಟು ಪಾಕಿಸ್ತಾನದವ್ರಿಗೂ ಬೈದಿರಲಿಕ್ಕಿಲ್ಲ.”

“ನೋಡಿ, ಶಿಸ್ತು ಕಡಿಮೆಯಾಯ್ತು” ಎಂದರು ಜನರಲ್ಲರು, ಸಾಂಬಾರಿಗೆ ಒಂದು ಚಿಟಿಕೆ ಉಪ್ಪು ಉದುರಿಸಿಕೊಳ್ಳುತ್ತಾ.

ಅಷ್ಟರಲ್ಲಿ ಸಪ್ಲೈಯರ್ ಹುಡುಗ ಬಂದ. “ಆಯ್ತಾ ಸಾರ್? ಹಿಂದೆ ಜನ ನಿಂತವ್ರೆ” ಎಂದವನೇ ಚಮಚಗಳನ್ನು ಲೋಟದೊಳಗೆ ಹಾಕಿ, ತಟ್ಟೆಯ ಮೇಲೆ ಬಟ್ಟಲಿಟ್ಟು, ನಮ್ಕಾ ಚು ಹೊಳೆಯನ್ನು ಒದ್ದೆ ಬಟ್ಟೆಯಲ್ಲಿ ಒಂದೇ ಎಳೆತಕ್ಕೆ ಒರೆಸಿ, ಬಿಲ್ಲು ಇಟ್ಟು ಹೋದ. ಜನರಲ್ಲರು ಅಷ್ಟು ಹೊತ್ತಿಗೆ ಎದ್ದು ಕೈ ತೊಳೆಯಲು ಹೊರಟಾಗಿತ್ತು. ಪಕ್ಕದಿಂದ, ಟೇಬಲ್ಲುಗಳನ್ನು ಸುತ್ತು ಹಾಕಿಕೊಂಡು. ಸುಬೇದಾರರು ಬಿಲ್ಲನ್ನು ಎರಡು ಸಲ ಓದಿ, ಲೆಕ್ಕ ಸರಿಯಿದೆಯೆಂದು ಖಾತ್ರಿ ಮಾಡಿಕೊಂಡು, ಜೇಬಿಗೆ ಕೈ ಹಾಕಿದರು.